ಪಶ್ಚಾತ್ತಾಪವೂ ಪ್ರಾಯಶ್ಚಿತ್ತವೂ

ಮಾಡಿದ ತಪ್ಪಿಗಾಗಿ ಒಬ್ಬನು ತನ್ನ ದೇಹವನ್ನೇ ದಂಡಿಸಿಕೊಂಡರೆ ಆ ತಪ್ಪು ತೀರಿತೆನ್ನಬಹುದೆ? ವ್ರತೋಪವಾಸಗಳನ್ನು ಕೈಕೊಳ್ಳುವ ನಮ್ಮಂಥವರು ಕೇಳಿಕೊಳ್ಳಲೇಬೇಕಾದ ಈ ಪ್ರಶ್ನೆ, ಈಚೆಗೆ ಒಂದು ಅಮೆರಿಕನ್ ಚಲನಚಿತ್ರವನ್ನು ನೋಡಿದಾಗ ನನ್ನನ್ನು ಮತ್ತೆ ಕಾಡಿತು. ಸ್ಯಾಮ್ಯುಯೆಲ್ ಡಿ. ಹಂಟರ್ ಬರೆದು 2012ರಲ್ಲಿ ರಂಗಕ್ಕೆ ಬಂದ ‘ದಿ ವೇಲ್’ ನಾಟಕವನ್ನು ಡ್ಯಾರೆನ್ ಅರೊನೊಫ್ಸ್ಕಿ 2022ರಲ್ಲಿ ಅದೇ ಹೆಸರಿನಿಂದ ತೆರೆಗೆ ತಂದರು. ಚಿತ್ರಕಥೆಯೂ ನಾಟಕಕಾರರದೇ, ಆದುದರಿಂದಲೇ ಏನೋ, ಕಥೆ ಒಂದು ಮನೆಯ ಗೋಡೆಗಳನ್ನು ಬಿಟ್ಟು ಹೊರಗೆ ಹೋಗುವುದು ಅಪರೂಪ.

ಕಥಾನಾಯಕ ಚಾರ್ಲಿ ನನ್ನಂತೆಯೇ ಉಪಾಧ್ಯಾಯ. ಮಗಳು ಎಲಿ ಎಂಟು ವರ್ಷದವಳಿದ್ದಾಗ ಹೆಂಡತಿಯನ್ನೂ ಆಕೆಯನ್ನೂ ತೊರೆದು, ತಾನೊಲಿದ ಇನ್ನೊಬ್ಬ ಪುರುಷನೊಡನೆ ಬಾಳಿದವನು. ಆ ಸಂಗಾತಿ ಮತೀಯ ಅಪರಾಧಭಾವದಿಂದ ಕುಗ್ಗಿ ಪ್ರಾಣ ಕಳೆದುಕೊಂಡ ಮೇಲೆ, ಚಾರ್ಲಿ ದುಃಖವನ್ನು ಅನ್ನದಲ್ಲಿ ಹೂಳಹೊರಟ. ಈಗ ಆತನ ತೂಕ ಸುಮಾರು 270 ಕಿಲೋ. ಆಸರೆಯಿಲ್ಲದೆ ಎದ್ದು ನಿಲ್ಲಲಾರ. ಕಂಪ್ಯೂಟರಿನ ಮೂಲಕ ಪಾಠ ಹೇಳುವಾಗ ಶಿಷ್ಯರಿಗೆ ಮುಖ ತೋರಿಸಲಾರ. ಹೃದಯ ಸೋಲುತ್ತಿದ್ದರೂ ಆಸ್ಪತ್ರೆಗೆ ಹೋಗಲೊಲ್ಲ. ಮಗಳಿಗೆಂದು ಲಕ್ಷ ಡಾಲರಿಗೂ ಮೀರಿ ಕೂಡಿಟ್ಟಿದ್ದಾನೆ, ಅದನ್ನು ಮುಟ್ಟಕೂಡದು.

ನಾಲಗೆಯ ಸುಖಕ್ಕಾಗಿ ತಿನ್ನುವವನಂತೆ ಅವನು ಕಾಣುವುದಿಲ್ಲ, ತನ್ನನ್ನು ಶಿಕ್ಷಿಸಿಕೊಳ್ಳಲು ತಿನ್ನುವವನಂತೆ ಕಾಣುತ್ತಾನೆ. ಮಾತುಮಾತಿಗೆ ‘ಕ್ಷಮಿಸು’ ಎನ್ನುತ್ತಾನೆ. ಆರೈಕೆ ಮಾಡುವ ದಾದಿಗೆ ಅದನ್ನು ಕೇಳಿ ಕೇಳಿ ಬೇಸರ. ಆದರೆ ಎಲಿಗೆ ಬೇಕಾದುದು ಹಣವೂ ಅಲ್ಲ, ತಂದೆಯ ದೇಹನಾಶವೂ ಅಲ್ಲ. ಏಕೆ ಬಿಟ್ಟುಹೋದೆ ಎಂಬುದಕ್ಕೆ ಉತ್ತರ. ಹದಿನೇಳರ ಆ ಹುಡುಗಿ ಕ್ರೂರವಾಗಿ ಮಾತನಾಡುತ್ತಾಳೆ. ನನಗೇನೋ ಆ ಮನೆಯಲ್ಲಿ ಅವಳ ಕೋಪಕ್ಕಿಂತ ಪ್ರಾಮಾಣಿಕವಾದುದು ಬೇರೊಂದು ಕಾಣಲಿಲ್ಲ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳಿದೆ. ಮೊದಲನೆಯದು ಆಲೋಚನ, ಎಂದರೆ ದೋಷವನ್ನು ಗುರುವಿನೆದುರು ಮರೆಮಾಚದೆ ಬಿಚ್ಚಿ ಹೇಳುವುದು. ತಪಸ್ಸು ಬರುವುದು ಆರನೆಯದಾಗಿ. ಅದು ಮುನಿಗಳಿಗೆ ವಿಧಿಸಿದ ಕ್ರಮವೆಂಬುದು ನಿಜ. ಆದರೂ ಗೃಹಸ್ಥರು ಆ ಅನುಕ್ರಮವನ್ನು ಗಮನಿಸದೆ ನೇರವಾಗಿ ಆರನೆಯದಕ್ಕೆ ಹಾರುವುದುಂಟು. ಹೇಳುವುದು ಕಷ್ಟ, ಹಸಿಯುವುದು ಅಷ್ಟು ಕಷ್ಟವಲ್ಲ.

ಚಿತ್ರದ ಕೊನೆಯಲ್ಲಿ ಚಾರ್ಲಿ ಎದ್ದುನಿಂತು ಮಗಳ ಕಡೆಗೆ ಕೆಲವು ಹೆಜ್ಜೆ ನಡೆಯುತ್ತಾನೆ. ಅವಳು ಕ್ಷಮಿಸಿದಳೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅವನನ್ನು ದೂರುವ ಅಧಿಕಾರ ನನಗಿಲ್ಲ. ಮನೆ ಪಾಲಾದ ವರ್ಷ ನಾನು ತಮ್ಮನಿಗೆ ಆಡಬಾರದ ಮಾತನ್ನಾಡಿದ್ದೆ. ಭಾದ್ರಪದ ಬಹುಳ ಪಾಡ್ಯದ ಕ್ಷಮಾವಣಿಯಂದು ಊರವರಿಗೆಲ್ಲ ಕೈಮುಗಿದು, ಆ ಒಂದು ಬಾಗಿಲನ್ನು ಮಾತ್ರ ಬಿಡುತ್ತಿದ್ದೆ. ಬದಲಿಗೆ ಒಂದು ಉಪವಾಸವನ್ನು ಹೆಚ್ಚಾಗಿ ಮಾಡುತ್ತಿದ್ದೆ. ಹೀಗೆ ಏಳು ವರ್ಷ. ಕಳೆದ ವರ್ಷ ಹೋದೆ, ನನ್ನ ತಪ್ಪನ್ನು ಹೇಳಿದೆ. ತಮ್ಮ ಚಾಪೆ ಹಾಸಿ, ಬಹಳ ಹೊತ್ತು ಸುಮ್ಮನಿದ್ದು, “ಅಣ್ಣಾ, ಆ ದಿನ ನೀವಾಡಿದ್ದು ಅವ್ವನ ಕಿವಿಗೂ ಬಿದ್ದಿತ್ತು” ಎಂದ.

ಅವ್ವ ತೀರಿಕೊಂಡು ಆಗಲೇ ಐದು ವರ್ಷವಾಗಿತ್ತು.