ಹಿಡಿದಿಟ್ಟ ಆಸನ

ದೆಹಲಿಯಲ್ಲಿ ಓದುತ್ತಿರುವ ಮಗಳು ಕ್ರಿಸ್ಮಸ್‌ಗೆ ಮಂಗಳೂರಿನ ಮನೆಗೆ ಬರಬೇಕು. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಕಾದಿರಿಸುವಿಕೆಯ ಅವಧಿ 120 ದಿನಗಳಿಂದ 60ಕ್ಕೆ ಇಳಿದಿದೆ. ಹಾಗಾಗಿ ಡಿಸೆಂಬರ್ 22ರ ಪ್ರಯಾಣಕ್ಕೆ ಅಕ್ಟೋಬರ್ 23ರಂದು ಕಾದಿರಿಸಬಹುದು. ಆದರೆ ಪರೀಕ್ಷೆಯ ವೇಳಾಪಟ್ಟಿ ಆ ವೇಳೆಗೆ ಪ್ರಕಟವಾಗಿರಬೇಕಲ್ಲ! ಇದಕ್ಕೆ ಹೆದರಿ ಕೆಲವು ತಂದೆತಾಯಂದಿರು 20, 22, 23 ಎಂದು ಮೂರು ದಿನಗಳಿಗೂ ಆಸನ ಹಿಡಿದಿಡುತ್ತಾರೆ. "ನಮ್ಮ ಹಣ ತಾನೇ?" ಎನ್ನುತ್ತಾರೆ.

ಹಣ ನಮ್ಮದು, ನಿಜ. ಆಸನ ಮಾತ್ರ ಎಲ್ಲರದು. ನಾವು ಸುಮ್ಮನೆ ಹಿಡಿದಿಟ್ಟ ಆಸನಕ್ಕಾಗಿ ವೇಟಿಂಗ್ ಲಿಸ್ಟಿನಲ್ಲಿ ಇನ್ನಾರದೋ ಮಗು ಕಾದಿರುತ್ತದೆ. ರೈಲಿನ ಅಂತಿಮ ಪಟ್ಟಿ ಸಿದ್ಧವಾದಾಗಲೂ ಸ್ಥಳ ಸಿಗದಿದ್ದರೆ ಆ ಇ-ಟಿಕೆಟ್ ತಾನಾಗಿಯೇ ರದ್ದಾಗುತ್ತದೆ. ಆ ಮಗು ಹಬ್ಬದ ರಾತ್ರಿಯನ್ನು ಹಾಸ್ಟೆಲಿನಲ್ಲೇ ಕಳೆಯಬೇಕಾದೀತು. ನಮ್ಮ ಮಗುವಿನ ಮೇಲಿನ ಪ್ರೀತಿ ಪರರ ಮಗುವನ್ನು ಕಾಣದಷ್ಟು ಕುರುಡಾಗಬಹುದೇ?

ಮುಂದಾಲೋಚನೆ ತಪ್ಪಲ್ಲ, ಅದೂ ಪ್ರೀತಿಯ ಒಂದು ರೂಪವೇ. ಮೊದಲು ಮಗಳನ್ನೇ ಕೇಳಿ; ಕಾಲೇಜಿನಲ್ಲಿ ವಿಚಾರಿಸುವಂತೆ ಹೇಳಿ; ಸಾಧ್ಯವಾದಷ್ಟೂ ಒಂದೇ ದಿನವನ್ನು ಆರಿಸಿ. ಅನಿವಾರ್ಯವಾಗಿ ಎರಡನ್ನು ಹಿಡಿದಿದ್ದರೆ, ಪರೀಕ್ಷೆಯ ದಿನ ತಿಳಿದ ಸಂಜೆಯೇ ಬೇಡವಾದುದನ್ನು ಬಿಟ್ಟುಕೊಡಿ. ತಡವಾದರೆ ಕಾದಿದ್ದವರು ಆಸೆ ತೊರೆದಿರುತ್ತಾರೆ.

ಬೆತ್ಲೆಹೇಮಿನ ಛತ್ರದಲ್ಲಿ ಸ್ಥಳವಿರಲಿಲ್ಲವೆಂದು ನಾವು ಪ್ರತಿವರ್ಷವೂ ಮರುಗುತ್ತೇವೆ. ಈ ವರ್ಷ ಒಂದು ಸ್ಥಳವನ್ನು ಬಿಟ್ಟುಕೊಡುವ ಅವಕಾಶ ನಮ್ಮ ಕೈಯಲ್ಲೇ ಇದೆಯಲ್ಲವೇ?