ಡೇಟೋನಾದಲ್ಲಿ ದೈವ, ಪೌರುಷ

ಗೆಲುವು ಯೋಗ್ಯತೆಗೆ ಸಲ್ಲುವ ಫಲವೆಂದು ನಂಬುವವರು ಅಮೆರಿಕದ ಡೇಟೋನಾ 500 ಕಾರ್ ರೇಸಿನ ಚರಿತ್ರೆ ನೋಡಬೇಕು. 1959ರ ಮೊದಲ ಓಟದಲ್ಲೇ ಒಬ್ಬರನ್ನು ವಿಜೇತರೆಂದು ಸಾರಿ, ಮೂರು ದಿನಗಳ ಬಳಿಕ ಚಿತ್ರಗಳನ್ನು ಪರಿಶೀಲಿಸಿ ಲೀ ಪೆಟ್ಟಿ ಗೆದ್ದರೆಂದರು. 1990ರ ಕೊನೆಯ ಸುತ್ತಿನಲ್ಲಿ ಮುಂದಿದ್ದ ಡೇಲ್ ಅರ್ನ್‌ಹಾರ್ಟ್ ಅವರ ಟೈರ್ ಕೈಕೊಟ್ಟಿತು. ಗೆದ್ದವರು ಡೆರಿಕ್ ಕೋಪ್. ಅರ್ನ್‌ಹಾರ್ಟ್‌ಗೆ ಆ ಗೆಲುವು ದಕ್ಕಿದ್ದು 1998ರಲ್ಲಿ, ಇಪ್ಪತ್ತನೆಯ ಯತ್ನಕ್ಕೆ. 2001ರಲ್ಲಿ ಅದೇ ಓಟದ ಕೊನೆಯ ಸುತ್ತಿನಲ್ಲೇ ಅವರು ಅಪಘಾತಕ್ಕೀಡಾಗಿ ತೀರಿಕೊಂಡರು. ಇದರಲ್ಲಿ ಯಾವ ಪುಣ್ಯ, ಯಾವ ಪಾಪದ ಲೆಕ್ಕ ಹುಡುಕೋಣ?

ಹಾಗಾದರೆ ಎಲ್ಲವೂ ದೈವವೇ ಎಂದು ಕೇಳಬಹುದು. ಲೀ ಅವರ ಮಗ ರಿಚರ್ಡ್ ಪೆಟ್ಟಿ ಏಳು ಸಲ ಗೆದ್ದದ್ದು ಬರೀ ಅದೃಷ್ಟವಲ್ಲ ಎಂಬ ಆಕ್ಷೇಪ ಗಟ್ಟಿಯೇ. ಆದರೆ ಕೌಶಲ ನಮ್ಮನ್ನು ಗೆಲ್ಲಬಹುದಾದ ಜಾಗಕ್ಕೆ ಒಯ್ಯುತ್ತದೆ, ಅಷ್ಟೆ. 1990ರಲ್ಲಿ ಕೋಪ್ ಕೂಡ ಅರ್ನ್‌ಹಾರ್ಟ್ ಅವರ ಬೆನ್ನಿಗೇ ಇದ್ದರಲ್ಲವೇ? ಆದ್ದರಿಂದ ಕರ್ಮಫಲವನ್ನು ಗೆದ್ದವರ ಯೋಗ್ಯತಾಪತ್ರವೆಂದು ಓದುವುದು ತಪ್ಪು.