ಚಹಾ ಬಿದ್ದಿತ್ತಾ ಸಾರ್?

ಯಂತ್ರವೊಂದು ಕೆಟ್ಟರೆ ಅದನ್ನು ಅಂಗಡಿಗೆ ಒಯ್ಯುವ ಮೊದಲೇ ರಿಪೇರಿಯವನ ಮೇಲೊಂದು ಅನುಮಾನ ಕಟ್ಟಿಕೊಂಡು ಹೊರಡುವುದು ನಮ್ಮೆಲ್ಲರ ರೂಢಿ. ಒಳ್ಳೆಯ ಬಿಡಿಭಾಗ ತೆಗೆದು ಹಳೆಯದನ್ನು ಹಾಕುತ್ತಾನೆ, ಇಲ್ಲದ ರೋಗ ಹೇಳುತ್ತಾನೆ, ಒಂದನ್ನು ಸರಿಮಾಡಿ ಇನ್ನೊಂದನ್ನು ಕೆಡಿಸಿ ಕಳಿಸುತ್ತಾನೆ ಎಂದೆಲ್ಲ ಮನೆಯಲ್ಲೇ ತೀರ್ಪು ಬರೆದಿಟ್ಟಿರುತ್ತೇವೆ. ಗಡಿಯಾರದವನು, ಮಿಕ್ಸಿಯವನು, ಸ್ಕೂಟರಿನ ಮೆಕ್ಯಾನಿಕ್ಕು, ಯಾರೂ ಈ ತೀರ್ಪಿನಿಂದ ಹೊರಗಿಲ್ಲ. ಹೋದ ಮಳೆಗಾಲದಲ್ಲಿ ನಾವೂ ಇಂಥದೇ ಒಂದು ತೀರ್ಪನ್ನು ಮನಸ್ಸಿನಲ್ಲಿಟ್ಟುಕೊಂಡು, ಕಂಕುಳಲ್ಲಿ ಹಳೆಯ ಲ್ಯಾಪ್‌ಟಾಪ್ ಇರುಕಿಕೊಂಡು ದೊಡ್ಡನೆಕ್ಕುಂದಿಗೆ ಹೋಗಿದ್ದೆವು. ಅಲ್ಲಿ ನಡೆದದ್ದು ಸಣ್ಣ ಸಂಗತಿ. ಆದರೆ ವ್ಯವಹಾರದ ಪ್ರಾಮಾಣಿಕತೆಯನ್ನೆಲ್ಲ ಒಬ್ಬನ ಹೆಗಲಿಗೆ ಹೊರಿಸಿ ಉಳಿದವರು ನಿಶ್ಚಿಂತರಾಗಿರಬಹುದೆ ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಆ ಯಂತ್ರವನ್ನು ನಾವು 2003ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಈಗಿನ ಹುಡುಗರು ಎತ್ತಿ ನೋಡಿ ನಗುವಷ್ಟು ಭಾರ. ಬ್ಯಾಟರಿ ಸತ್ತು ವರ್ಷಗಳಾದವು. ಕಟ್ಟಿಹಾಕಿದ ಮುದಿ ಹಸುವಿನ ಹಾಗೆ ಗೋಡೆಯ ಪ್ಲಗ್ಗಿನ ಪಕ್ಕದಲ್ಲೇ ಇರುತ್ತದೆ. ಹಳೆಯ 'ಬರಹ' ತಂತ್ರಾಂಶದಲ್ಲಿ ಟೈಪು ಮಾಡಿದ ನಮ್ಮ ಕಥೆಗಳು ಅದರಲ್ಲಿವೆ. ಯೂನಿಕೋಡ್ ನಮ್ಮ ಮನೆಗೆ ಬರುವುದಕ್ಕೆ ಮುಂಚಿನ ಅಕ್ಷರಗಳಾದ್ದರಿಂದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಗೀಚುಗೀಚಾಗಿ ಕಾಣುತ್ತವೆ. ಅಚ್ಚಾಗದೆ ಉಳಿದ ನಾಲ್ಕು ಕಥೆಗಳಿಗೆ ಬೇರೆ ಪ್ರತಿಯೂ ಇಲ್ಲ. ಒಂದು ರಾತ್ರಿ ಇದರ ಪರದೆ ಕತ್ತಲಾಯಿತು. (ಯಾಕೆ ಕತ್ತಲಾಯಿತು ಎಂಬ ಬಗ್ಗೆ ನಮಗೊಂದು ಗುಮಾನಿ ಇತ್ತು. ಅದನ್ನು ಮುಂದೆ ಹೇಳುತ್ತೇವೆ. ಆಗ ಯಾರಿಗೂ ಹೇಳಿರಲಿಲ್ಲ.)

ಮೊದಲು ಹೋದ ಅಂಗಡಿಯಲ್ಲಿ ಯಂತ್ರವನ್ನು ಒಳಗೆ ಒಯ್ದು ಅರ್ಧ ಗಂಟೆ ಬಿಟ್ಟು ತಂದರು. ಡಿಸ್‌ಪ್ಲೇ ಪೂರ್ತಿ ಹೋಗಿದೆ, ಹಳೆಯ ಪ್ಯಾನೆಲ್ ಹುಡುಕಿ ಹಾಕಬೇಕು, ಐದು ಸಾವಿರವಾಗುತ್ತದೆ, ಗ್ಯಾರಂಟಿ ಕೊಡುವುದಿಲ್ಲ ಎಂದರು. ನಮ್ಮ ತೀರ್ಪು ಸರಿಯಾಗಿಯೇ ಇದೆ ಅನ್ನಿಸಿತು. ಆಮೇಲೆ ಸ್ನೇಹಿತರೊಬ್ಬರು ದೊಡ್ಡನೆಕ್ಕುಂದಿಯ ಹುಡುಗನ ಸುದ್ದಿ ಹೇಳಿದರು.

ಮಾರತಹಳ್ಳಿಗೂ ಮಹದೇವಪುರಕ್ಕೂ ನಡುವೆ, ಹೊರ ವರ್ತುಲ ರಸ್ತೆಯ ಮಗ್ಗುಲಿಗಿರುವ ಊರು ಅದು. ಊರು ಎನ್ನುವುದು ಹಳೆಯ ಅಭ್ಯಾಸ. ಕೆರೆ ಇದೆ, ಹಳೆಯ ಬೀದಿಗಳಿವೆ, ಕೈಗಾರಿಕಾ ಪ್ರದೇಶವಿದೆ. ಇವುಗಳ ನಡುವೆ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು, ಅಲ್ಲಿ ದುಡಿಯುವವರು ಮಲಗುವ ಪಿಜಿಗಳು. ಮಳಿಗೆಯೊಂದರ ಮೆಟ್ಟಿಲ ಕೆಳಗೆ ಎಂಟಡಿ ಜಾಗದಲ್ಲಿ ಆ ಹುಡುಗನ ಅಂಗಡಿ. ಮಾಲೂರಿನ ಕಡೆಯವನು. ಅವನು ಯಂತ್ರವನ್ನು ಒಳಗೆ ಒಯ್ಯಲಿಲ್ಲ, ಒಯ್ಯಲು ಒಳಗೆ ಎಂಬುದೇ ಅಲ್ಲಿರಲಿಲ್ಲ. ನಮ್ಮೆದುರೇ ಬಿಚ್ಚಿದ. ಮಾಡಿದ್ದನ್ನೆಲ್ಲ ಬಾಯಲ್ಲಿ ಹೇಳುತ್ತಲೇ ಮಾಡಿದ. ಅದನ್ನಿಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕು.

ಮೊದಲು ಸ್ವಿಚ್ ಒತ್ತಿ ಕಿವಿಗೊಟ್ಟು ಕೇಳಿದ. ಹಾರ್ಡ್ ಡಿಸ್ಕ್ ತಿರುಗುವ ಸದ್ದು ಬಂತು. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿದ. ಅದರ ಪುಟ್ಟ ದೀಪ ಹತ್ತಿತು, ಆರಿತು. "ಜೀವ ಇದೆ ಸಾರ್, ಮುಖ ಮಾತ್ರ ಕಾಣ್ತಿಲ್ಲ" ಎಂದ. ಆಮೇಲೆ ಮೂಲೆಯಲ್ಲಿದ್ದ ಹಳೆಯ ಮಾನಿಟರಿನ ತಂತಿಯನ್ನು ಲ್ಯಾಪ್‌ಟಾಪಿನ ಹಿಂಬದಿಗೆ ಚುಚ್ಚಿದ. ಅದರಲ್ಲಿ ಚಿತ್ರ ಸ್ವಚ್ಛವಾಗಿ ಮೂಡಿತು. ಅಂದರೆ ಚಿತ್ರ ಹುಟ್ಟಿಸುವ ಚಿಪ್ಪಿಗೆ ಏನೂ ಆಗಿಲ್ಲ. ತೊಂದರೆ ಇರುವುದು ಅಲ್ಲಿಂದ ಪರದೆಯವರೆಗಿನ ದಾರಿಯಲ್ಲಿ, ಇಲ್ಲವೇ ಪರದೆಯಲ್ಲಿ. ನಮ್ಮ ಕಥೆಗಳ ಹೆಸರುಗಳು ಸಾಲಾಗಿ ಕಂಡಾಗ ಅವನು ಆ ಪಟ್ಟಿಯನ್ನು ಮುಚ್ಚಿಬಿಟ್ಟ. ನಾವು ಹೇಳಿರಲಿಲ್ಲ. ಬೇರೆಯವರ ಅಮಾನತ್ತನ್ನು ಕಾಯುವವರು ಹೀಗೆ ಹೇಳಿಸಿಕೊಳ್ಳದೆಯೇ ಕಾಯುತ್ತಾರೇನೋ.

ಬಳಿಕ ಅಂಗಡಿಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಕತ್ತಲ ಪರದೆಗೆ ಓರೆಯಾಗಿ ಹಿಡಿದ. "ಬಗ್ಗಿ ನೋಡಿ ಸಾರ್." ನೋಡಿದೆವು. ಆಳದ ನೀರಿನಲ್ಲಿ ಬಿದ್ದ ಕಾಗದದ ಹಾಗೆ ಅಕ್ಷರಗಳು ಮಸುಕಾಗಿ ಕಂಡವು. ಅಷ್ಟು ದಿನವೂ ಪರದೆ ಬರೆಯುತ್ತಲೇ ಇತ್ತು. ಹಿಂದಿನ ಬೆಳಕು ಮಾತ್ರ ಹತ್ತುತ್ತಿರಲಿಲ್ಲ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಪರದೆಯ ಹಿಂದೆ ಕಡ್ಡಿಯಷ್ಟು ತೆಳ್ಳನೆಯ ಒಂದು ಟ್ಯೂಬ್‌ಲೈಟ್ ಇರುತ್ತದೆ, ಅದರೊಳಗೆ ಪಾದರಸದ ಆವಿ. ಅದನ್ನು ಹತ್ತಿಸಲು ನೂರಾರು ವೋಲ್ಟ್ ಬೇಕು. ಯಂತ್ರದೊಳಗಿನ ಕಡಿಮೆ ವೋಲ್ಟನ್ನು ಅಷ್ಟಕ್ಕೆ ಏರಿಸುವುದು ಇನ್ವರ್ಟರ್ ಎಂಬ ಬೆರಳುದ್ದದ ಹಲಗೆ. ಟ್ಯೂಬು ಮುಪ್ಪಾಗಿ ಸಾಯುವಾಗ ಪರದೆ ಸಾಮಾನ್ಯವಾಗಿ ಕೆಂಪಗಾಗುತ್ತದೆ. ಇನ್ವರ್ಟರ್ ಹೋದರೆ ಒಮ್ಮೆಲೇ ಕತ್ತಲು. ಮುಚ್ಚಳ ಅಲ್ಲಾಡಿಸಿದಾಗ ಮಿನುಗಿದರೆ ಕೀಲಿನೊಳಗೆ ಹಾಯುವ ತಂತಿ ಸವೆದಿದೆ ಎಂದರ್ಥ. ನಮ್ಮದು ಕೆಂಪಗಾಗಿರಲಿಲ್ಲ, ಮಿನುಗಲೂ ಇಲ್ಲ. ಹಾಗಾದರೆ ಇನ್ವರ್ಟರೇ ಇರಬೇಕು ಎಂದು ನಾವು ಅರೆಬೆಂದ ಬುದ್ಧಿಯಲ್ಲಿ ಲೆಕ್ಕ ಹಾಕುತ್ತಿದ್ದಾಗ ಅವನು ಕೀಲಿನ ಹತ್ತಿರ ಉಗುರಿನಿಂದ ಏನನ್ನೋ ತಡಕುತ್ತಿದ್ದ. ಅಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಮೊಳೆ. ಮುಚ್ಚಳ ಮುಚ್ಚಿದಾಗ ಅದು ಒಳಗೆ ಒತ್ತಿಕೊಂಡು, ಇನ್ನು ಬೆಳಕು ಬೇಡ ಎಂದು ಯಂತ್ರಕ್ಕೆ ತಿಳಿಸುತ್ತದೆ. ಆ ಮೊಳೆ ಒಳಗೇ ಅಂಟಿಕೊಂಡಿತ್ತು. ಮುಚ್ಚಳ ತೆರೆದಿದ್ದರೂ ಯಂತ್ರದ ಪಾಲಿಗೆ ಅದು ಮುಚ್ಚಿಯೇ ಇತ್ತು.

ಹತ್ತಿಯ ಕಡ್ಡಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ (ಕುಡಿಯುವ ಬಾಬತ್ತಲ್ಲ, ಕುಡಿದರೆ ವಿಷ) ಸುತ್ತಲೂ ಒರೆಸಿದ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಮೊಳೆ ಟಕ್ಕೆಂದು ಮೇಲೆದ್ದಿತು. ಪರದೆ ಬೆಳಗಿತು.

"ಚಹಾ ಗಿಹಾ ಬಿದ್ದಿತ್ತಾ ಸಾರ್?"

"ಇಲ್ಲವಲ್ಲಪ್ಪ" ಎಂದೆವು.

ಬಿದ್ದಿತ್ತು. ಒಂದು ತಿಂಗಳ ಕೆಳಗೆ ಅರ್ಧ ಲೋಟ ಚಹಾ ಕೀಲಿನ ಮೇಲೆ ಚೆಲ್ಲಿತ್ತು. ಯಂತ್ರ ನಿಲ್ಲದೆ ನಡೆದಿದ್ದರಿಂದ ಒರೆಸಿ ಸುಮ್ಮನಾಗಿದ್ದೆವು. ಈ ಸುಳ್ಳು ಹೇಳಿ ನಮಗೆ ಬರುವ ಲಾಭವೇನಿತ್ತು? ಗ್ಯಾರಂಟಿ ತಪ್ಪಿಹೋಗುವ ಭಯವಿಲ್ಲ, ಪೊಲೀಸು ಕೋರ್ಟಿಲ್ಲ. ತಪ್ಪು ನಮ್ಮದು ಎಂದು ಗೊತ್ತಾದರೆ ಹೆಚ್ಚು ಕೇಳಿಯಾನು ಎಂಬ ಸಣ್ಣತನವೋ, ಓದು ಬರಹ ಬಲ್ಲವರೆನಿಸಿಕೊಂಡ ನಾವು ಯಂತ್ರದ ಮೇಲೆ ಚಹಾ ಚೆಲ್ಲುವವರು ಎಂದು ಒಪ್ಪಿಕೊಳ್ಳುವ ಸಂಕೋಚವೋ. ಎರಡೂ ಇದ್ದವು. ಸುಳ್ಳನ್ನು ಹುಡುಕುತ್ತ ಹೋದವರ ಬಾಯಿಂದಲೇ ಆ ದಿನದ ಮೊದಲ ಸುಳ್ಳು ಬಂದಿತ್ತು.

ಎರಡನೆಯ ಸಂಗತಿ ಕೂಲಿಯದು. ಮುನ್ನೂರು ರೂಪಾಯಿ ಎಂದ. "ಬರೀ ಒರೆಸಿದ್ದಕ್ಕಾ?" ಎಂದು ನಮ್ಮ ಬಾಯಿಂದ ತಾನಾಗಿಯೇ ಬಂತು. ಐದು ಸಾವಿರದ ಮಾತು ಕೇಳಿಬಂದ ಬಾಯಿ ಅದು! ಅವನು ಸಿಟ್ಟಾಗಲಿಲ್ಲ. "ಇನ್ವರ್ಟರ್ ಹಾಕಿದೀನಿ, ಸಾವಿರದ ಐನೂರು ಕೊಡಿ ಅಂದಿದ್ರೆ ಕೊಡ್ತಿದ್ರಿ ಸಾರ್. ಪಾರ್ಟಿಗೆ ಕಾಸು ಕೊಡ್ತಾರೆ, ತಲೆಗೆ ಕೊಡಲ್ಲ" ಎಂದ. ಹಿಂದೆ ಕೆಲಸಕ್ಕಿದ್ದ ಕಡೆ ಹಾಗೆಯೇ ಹೇಳಲು ಕಲಿಸಿದ್ದರಂತೆ. ತಾನೂ ಕೆಲವು ಸಲ ಹೇಳಿದ್ದುಂಟು, ಬಾಡಿಗೆ ಕಟ್ಟುವ ವಾರದಲ್ಲಿ ಈಗಲೂ ಹೇಳುವುದುಂಟು ಎಂದೂ ಮರೆಮಾಚದೆ ಹೇಳಿದ.

ಫಿಕ್ಹ್ ಗ್ರಂಥಗಳಲ್ಲಿ ಇವೆರಡೂ ಬೇರೆ ಬೇರೆ ಒಪ್ಪಂದಗಳು. ವಸ್ತುವನ್ನು ಮಾರುವುದು ಒಂದು, ಶ್ರಮವನ್ನು ಕೂಲಿಗೆ ಕೊಡುವ 'ಇಜಾರಾ' ಇನ್ನೊಂದು. ಕೂಲಿ ಎಷ್ಟೆಂದು ಮೊದಲೇ ಗೊತ್ತಿರಬೇಕು ಎನ್ನುವುದು ಇಜಾರಾದ ಷರತ್ತು. ಹಾಕದ ಬಿಡಿಭಾಗಕ್ಕೆ ಹಣ ಪಡೆಯುವುದು ಹಲಾಲ್ ಆಗಲಾರದು. ಇದರಲ್ಲಿ ಎರಡು ಮಾತಿಲ್ಲ, ಆ ಹುಡುಗನಿಗೂ ಇದು ಗೊತ್ತು. ಆದರೆ ಅವನು ಇಜಾರಾಕ್ಕೆ ಮಾರಾಟದ ವೇಷ ತೊಡಿಸುವುದು ಯಾಕೆ? ಗಿರಾಕಿ ಇಜಾರಾವನ್ನು ಒಪ್ಪುವುದಿಲ್ಲ, ಅದಕ್ಕೆ. ಹತ್ತು ವರ್ಷ ಕಣ್ಣು ನೋಯಿಸಿಕೊಂಡು ಕಲಿತದ್ದನ್ನು ಹತ್ತು ನಿಮಿಷದಲ್ಲಿ ಮಾಡಿ ಮುಗಿಸಿದರೆ ನಾವು ನಿಮಿಷಗಳನ್ನು ಎಣಿಸುತ್ತೇವೆ. ಸುಳ್ಳು ಅವನ ಬಾಯಿಂದ ಬರುತ್ತದೆ, ಸರಿ. ಆ ಸುಳ್ಳಿಗೆ ಗಿರಾಕಿ ಯಾರು?

ಪೈಗಂಬರರು (ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗೆ ಒದ್ದೆ ಇರುವುದನ್ನು ಕಂಡು, ಮಳೆಗೆ ನೆನೆದದ್ದನ್ನು ಮೇಲಿಡಬಾರದಿತ್ತೆ ಎಂದು ವ್ಯಾಪಾರಿಯನ್ನು ಕೇಳಿದ ಪ್ರಸಂಗ ಸಹೀಹ್ ಮುಸ್ಲಿಮಿನಲ್ಲಿದೆ. ಜುಮಾ ಪ್ರವಚನಗಳಲ್ಲಿ ನಾವು ಅದನ್ನು ಎಷ್ಟು ಸಲ ಕೇಳಿಲ್ಲ! ಕೇಳುವಾಗೆಲ್ಲ ಕಣ್ಣ ಮುಂದೆ ಬರುತ್ತಿದ್ದುದು ಯಾರೋ ಅಂಗಡಿಯವರ ಮುಖ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬರುವ ಇನ್ನೊಂದು ವಚನದಲ್ಲಿ, ನಿಜ ಹೇಳಿ ದೋಷವನ್ನು ತೆರೆದಿಟ್ಟರೆ ವ್ಯವಹಾರಕ್ಕೆ ಬರಕತ್ ಎಂಬ ಮಾತು ಕೊಳ್ಳುವವನು ಮಾರುವವನು ಇಬ್ಬರಿಗೂ ಸೇರಿಸಿಯೇ ಇದೆ. ಕುರ್‌ಆನಿನ 83ನೇ ಅಧ್ಯಾಯ ಎಚ್ಚರಿಸುವುದು ಕೊಡುವಾಗ ಕಡಿಮೆ ಅಳೆದು, ಪಡೆಯುವಾಗ ತುಂಬಿಸಿ ಅಳೆಸಿಕೊಳ್ಳುವವರನ್ನು. ಪಡೆಯುವಾಗ ತುಂಬಿಸಿಕೊಳ್ಳುವವನಿಗೆ ಅಂಗಡಿಯೇ ಇರಬೇಕೆಂದಿಲ್ಲ. ನಮ್ಮ ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿ ಸುರಿದು ಬಾ ಎಂದವಳು. ದುಡಿಯುವವನು ಹೆಚ್ಚು ಪಡೆಯಬಾರದು ಎನ್ನುವುದಕ್ಕೆ ಅವಳನ್ನು ನೆನೆಯುವ ನಾವು, ದುಡಿಸಿಕೊಳ್ಳುವವನು ಕಡಿಮೆ ಕೊಡಬಾರದು ಎನ್ನುವುದಕ್ಕೆ ಯಾರನ್ನು ನೆನೆಯುತ್ತೇವೆ?

ಮೂರನೆಯವನೊಬ್ಬನಿದ್ದಾನೆ, ಅವನ ಸುದ್ದಿಯನ್ನೇ ನಾವು ಎತ್ತುವುದಿಲ್ಲ. ಯಂತ್ರ ಮಾಡಿದವನು. ವಾಲ್ವಿನ ಕಾಲದ ಎಷ್ಟೋ ರೇಡಿಯೊಗಳ ಪೆಟ್ಟಿಗೆಯಲ್ಲಿ ಯಾವ ವಾಲ್ವು ಎಲ್ಲಿ ಎಂಬ ನಕ್ಷೆಯನ್ನು ಅಂಟಿಸಿರುತ್ತಿದ್ದರು. ಕೆಟ್ಟೇ ಕೆಡುತ್ತದೆ, ಯಾರಾದರೂ ಬಿಚ್ಚಿಯೇ ಬಿಚ್ಚುತ್ತಾರೆ ಎಂಬ ವಿನಯ ಅದರಲ್ಲಿತ್ತು. ಈಗ ಸಾಮಾನ್ಯವಾಗಿ ನಕ್ಷೆ ಕಂಪನಿಯ ಗುಟ್ಟು. ಹುಡುಗ ಉಗುರಿನಿಂದ ತಡಕಿ ಕಂಡುಹಿಡಿಯಬೇಕಾದದ್ದು ಅದಕ್ಕೇ. ಬೇರೆ ದಾರಿ ಇರಲಿಲ್ಲವೆಂದಲ್ಲ; ನಮ್ಮ ಬೆಂಗಳೂರಿನಲ್ಲೇ ಅದನ್ನು ತುಳಿಯಲು ನೋಡಿದವರಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಕೂಡಿ ಟ್ರಸ್ಟ್ ಕಟ್ಟಿಕೊಂಡು, 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ಜನರ ಮುಂದಿಟ್ಟರು. ಅಡ್ಡಕ್ಕೂ ಉದ್ದಕ್ಕೂ 320, 240 ಚುಕ್ಕಿಗಳ ಪುಟ್ಟ ಪರದೆ, ಲಿನಕ್ಸ್ ತಂತ್ರಾಂಶ. ಒಂದೇ ಯಂತ್ರವನ್ನು ಹಳ್ಳಿಯ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಬಹುದು. ಓದಲು ಬಾರದವರಿಗೆ ಅದು ಭಾರತೀಯ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು ಎಂಬ ಆಸೆ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಅದರ ಯಂತ್ರಾಂಶದ ವಿನ್ಯಾಸವನ್ನು ಬಚ್ಚಿಡದೆ ಪರವಾನಗಿಯೊಂದರ ಮೂಲಕ ತೆರೆದಿಟ್ಟಿದ್ದರು. 2004ರಲ್ಲಿ ಪಿಕೊಪೆಟಾ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ ಅಮಿಡಾ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದರು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ಮೊಬೈಲುಗಳ ಹೊಳೆಯಲ್ಲಿ ಕೊಚ್ಚಿಹೋಯಿತು. ಸೋತ ಯಂತ್ರ ಎಂದು ನಗುವವರಿದ್ದಾರೆ. ನಮಗೆ ಮಾತ್ರ, ಗೆದ್ದ ಎಷ್ಟೋ ಯಂತ್ರಗಳಿಗಿಲ್ಲದ ಒಂದು ಮರ್ಯಾದೆ ಅದಕ್ಕಿತ್ತು ಅನ್ನಿಸುತ್ತದೆ. ಒದ್ದೆ ಧಾನ್ಯವನ್ನು ಮೇಲಿಡುವ ಕರ್ತವ್ಯ ಕಾರ್ಖಾನೆಗೂ ಇದೆಯಲ್ಲವೆ? 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕಿ'ಗಾಗಿ ಸಮಿತಿಯನ್ನೂ ಜಾಲತಾಣವನ್ನೂ ಮಾಡಿತು. ಮೆಟ್ಟಿಲ ಕೆಳಗಿನ ಅಂಗಡಿಯವರೆಗೆ ಅದರ ಬೆಳಕು ತಲುಪಿದ್ದನ್ನು ನಾವು ಕಾಣಲಿಲ್ಲ.

ಅಂದು ಮುನ್ನೂರು ಕೊಟ್ಟು ಬಂದೆವು. ಮೂರು ವಾರಕ್ಕೆ ಕೀಬೋರ್ಡಿನ ನಾಲ್ಕು ಕೀಲಿಗಳು ಸತ್ತವು. ನಮ್ಮ ಮನಸ್ಸಿಗೆ ಮೊದಲು ಬಂದದ್ದೇನು ಗೊತ್ತೆ? ಬಿಚ್ಚಿದಾಗ ಅವನೇ ಏನೋ ಮಾಡಿದ್ದಾನೆ! ಇಷ್ಟೆಲ್ಲ ಯೋಚಿಸಿದ ಮೇಲೂ ಹಳೆಯ ತೀರ್ಪು ಇಟ್ಟಲ್ಲೇ ಇತ್ತು. ಕುಶಲಕರ್ಮಿಯ ಕೈಯಲ್ಲಿ ವಸ್ತು ಹಾಳಾದರೆ ಹೊಣೆ ಯಾರದು ಎಂಬುದು ಹಳೆಯ ವಾದ. ಅವನ ಕೆಲಸದಿಂದ ಕೆಟ್ಟಿದ್ದರೆ ಸರಿ, ಇಲ್ಲದಿದ್ದರೆ ಅವನು ಹೊಣೆಯಲ್ಲ ಎಂದವರು ಇಮಾಮ್ ಅಬೂ ಹನೀಫಾ. ತಡೆಯಲಾಗದ ಆಪತ್ತಿನ ಹೊರತು ಹೊಣೆ ಅವನದೇ ಎಂದವರು ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್. ಇಲ್ಲವಾದರೆ ಜನರ ಸೊತ್ತಿಗೆ ರಕ್ಷಣೆಯಿಲ್ಲ ಎಂಬುದು ಆ ಪಕ್ಷದ ಕಾಳಜಿ. ಬಸ್ಸಿನಲ್ಲಿ ಕೂತು ನಾವು ಗುರುವನ್ನು ಬಿಟ್ಟು ಶಿಷ್ಯರ ಪಕ್ಷ ಸೇರಿದ್ದೆವು.

ಅವನು ಕೀಬೋರ್ಡನ್ನು ಎತ್ತಿ ನಮ್ಮ ಕಡೆ ತಿರುಗಿಸಿದ. ಅಡಿಯಲ್ಲಿ ಅಂಗೈಯಗಲ ಕಂದು ಕಲೆ, ಅದರ ಅಂಚಿಗೆ ತಾಮ್ರದ ಗೆರೆಗಳು ಹಸಿರು ಕಿಲುಬು ಹಿಡಿದಿದ್ದವು. "ಅವತ್ತೇ ಗೊತ್ತಿದ್ರೆ ಇದನ್ನೂ ತೊಳೀತಿದ್ದೆ ಸಾರ್. ನೀವು ಏನೂ ಬಿದ್ದಿಲ್ಲ ಅಂದ್ರಲ್ಲ, ಕೀಬೋರ್ಡು ಎತ್ತಲಿಲ್ಲ" ಎಂದ. ದನಿಯಲ್ಲಿ ದೂರಿರಲಿಲ್ಲ.

ಈ ಸಲ ಎಷ್ಟಾಗುತ್ತದಪ್ಪ ಎಂದು ಕೇಳಿದೆವು.

"ರೇಟು ಆಮೇಲೆ ಹೇಳ್ತೀನಿ. ಬಿದ್ದದ್ದು ಏನು, ಎಷ್ಟು, ಯಾವಾಗ, ಅದು ಮೊದಲು ಹೇಳಿ ಸಾರ್."

"ಚಹಾ" ಎಂದೆವು. "ಅರ್ಧ ಲೋಟ. ಸಕ್ಕರೆ ಜಾಸ್ತಿ ಇತ್ತು."